ಸ್ಪೆಕ್ಟ್ರಮ್ ಪರದೆ ತುಂಬ ಚೌಕಗಳು: ರ‍್ಯಾಮ್ ಬದಲಿಸಬೇಕೇ?

ಪ್ರಶ್ನೆ: ನನ್ನ ಹಳೆಯ ಹೋಂ ಕಂಪ್ಯೂಟರ್ ಝಡ್ಎಕ್ಸ್ ಸ್ಪೆಕ್ಟ್ರಮ್ 48ಕೆ ಆನ್ ಮಾಡಿದರೆ, ಅದನ್ನು ಮಾಡಿದ ಸಿಂಕ್ಲೇರ್ ಕಂಪನಿಯ ಕಾಪಿರೈಟ್ ಸಾಲು ಬರುವುದೇ ಇಲ್ಲ. ಪರದೆ ತುಂಬ ಬಣ್ಣದ ಚೌಕ, ಪಟ್ಟೆ. ರ‍್ಯಾಮ್ ಹೋಗಿದೆ ಅನ್ನುತ್ತಾರೆ. ಕೆಳಗಿನ 16ಕೆ ಮೆಮೊರಿಯ ಎಂಟೂ ಚಿಪ್ ಬದಲಿಸಲೇ?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಚಿಪ್ ಕಿತ್ತು ಮುಗಿಸಿರುತ್ತಾರೆ. ನೀವು ಕೀಳುವ ಮೊದಲೇ ಕೇಳಿದಿರಿ, ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

‘ಪರದೆ ಮೇಲೆ ಕಸ ಬಂದರೆ ಮೆಮೊರಿ ಕೆಟ್ಟಿದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ, ಅಲುಗಾಡುವುದೇ ಇಲ್ಲ. ಪರದೆ ಮೇಲಿನ ಚಿತ್ರ ಬರುವುದು ಎಲ್ಲಿಂದ, ಯೋಚಿಸಿ ನೋಡಿ. ಸ್ಪೆಕ್ಟ್ರಮ್‌ನಲ್ಲಿ 16384ನೇ ವಿಳಾಸದಿಂದ ಮುಂದಿನ 6912 ಬೈಟ್ ಪರದೆಗೆ ಮೀಸಲು. ಫೆರಾಂಟಿಯವರು ಮಾಡಿಕೊಟ್ಟ ಯುಎಲ್ಎ ಚಿಪ್ ಆ ಬೈಟ್‌ಗಳನ್ನು ತಾನೇ ಓದಿ ಟಿವಿಗೆ ಕಳಿಸುತ್ತದೆ. ಅದಕ್ಕೆ ಝಡ್80 ಪ್ರೊಸೆಸರ್‌ನ ನೆರವು ಬೇಕಿಲ್ಲ. ಕರೆಂಟ್ ಬಂದ ಕ್ಷಣದಲ್ಲಿ ಯಾವ ರ‍್ಯಾಮ್‌ನಲ್ಲಾದರೂ ಕಸವೇ ಇರುತ್ತದೆ. ಆ ಕಸ ಗುಡಿಸುವುದು, ಕರೆಂಟ್ ಹೋದರೂ ಅಳಿಯದ ಮೆಮೊರಿಯಾದ ರೋಮ್‌ನಲ್ಲಿರುವ ಪ್ರೋಗ್ರಾಂ, ಅದನ್ನು ನಡೆಸುವುದು ಝಡ್80. ಹಾಗಾಗಿ ರೋಮ್ ಕೆಟ್ಟರೂ, ಝಡ್80 ನಿಂತರೂ, ಅದಕ್ಕೆ ಕ್ಲಾಕ್ (ತಾಳ ಹಾಕುವ ಸಿಗ್ನಲ್) ಸಿಗದಿದ್ದರೂ ನಿಮಗೆ ಕಾಣುವುದು ಇದೇ ಚೌಕ, ಇದೇ ಪಟ್ಟೆ. ಮನೆ ಗುಡಿಸಿಲ್ಲ ಎಂಬುದಷ್ಟೇ ಆ ಚಿತ್ರ ಹೇಳುವ ಮಾತು. ಗುಡಿಸುವವರು ಯಾಕೆ ಬರಲಿಲ್ಲ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಮೊದಲು ಹುಡುಕಬೇಕಾದದ್ದು ವೋಲ್ಟೇಜ್. ಕೆಳಗಿನ 16ಕೆ ಮೆಮೊರಿಯ 4116 ಚಿಪ್‌ಗಳಿಗೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: +5, +12 ಮತ್ತು −5. ಹೊರಗಿನ ಅಡಾಪ್ಟರ್ ಕೊಡುವುದು 9 ವೋಲ್ಟ್ ಮಾತ್ರ. ಅದರಿಂದ 7805 ರೆಗ್ಯುಲೇಟರ್ +5 ಮಾಡುತ್ತದೆ. ಉಳಿದ ಎರಡನ್ನು ಒಂದು ಪುಟ್ಟ ಕಾಯಿಲ್ ಮತ್ತು ಟಿಆರ್4, ಟಿಆರ್5 ಎಂಬ ಟ್ರಾನ್ಸಿಸ್ಟರ್‌ಗಳು ಸೇರಿ ತಯಾರಿಸುತ್ತವೆ. ಇದರಲ್ಲಿ ಟಿಆರ್4 ಬಹಳ ಸೂಕ್ಷ್ಮ. ಯಂತ್ರ ಆನ್ ಇರುವಾಗಲೇ ಹಿಂಬದಿಯ ಕನೆಕ್ಟರ್‌ಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್ ತುರುಕಿದರೆ, ಅದು ಸ್ವಲ್ಪ ಓರೆಯಾದರೂ ಸಾಕು, ಟಿಆರ್4 ಸುಟ್ಟುಹೋಗುತ್ತದೆ. ಈಗಿನ ಅಡಾಪ್ಟರ್ ಚುಚ್ಚುವವರೂ ಎಚ್ಚರವಾಗಿರಿ: ಸ್ಪೆಕ್ಟ್ರಮ್ ಪ್ಲಗ್‌ನ ನಡುವಿನ ತುದಿ ನೆಗೆಟಿವ್, ಇಂದಿನ ಬಹುತೇಕ ಅಡಾಪ್ಟರ್‌ಗಳದ್ದು ಪಾಸಿಟಿವ್.

4116ರ ದೊಡ್ಡ ಗುಣವೆಂದರೆ, −5 ಇಲ್ಲದೆ +12 ಮಾತ್ರ ಸಿಕ್ಕರೆ ಅದು ಬಿಸಿಯಾಗಿ ಸಾಯುತ್ತದೆ. ಹಳೆಯದು ಮಾತ್ರವಲ್ಲ, ನೀವು ಹಾಕಿದ ಹೊಸದೂ. ಗೆಳೆಯರೊಬ್ಬರು ವೋಲ್ಟೇಜ್ ನೋಡದೆ ಎಂಟೂ ಚಿಪ್ ಬದಲಿಸಿ ನನ್ನ ಹತ್ತಿರ ತಂದಿದ್ದರು. ಬೆಸುಗೆ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಶುದ್ಧ. ಆದರೆ −5 ಇರಲೇ ಇಲ್ಲ. ಎಂಟರಲ್ಲಿ ಐದು ಚಿಪ್ ಆಗಲೇ ಹೋಗಿದ್ದವು. ಮೀಟರ್ ಇಟ್ಟು ನೋಡಲು ಎರಡು ನಿಮಿಷ ಸಾಕಿತ್ತು ಎಂದು ಈಗಲೂ ಸಂಕಟವಾಗುತ್ತದೆ.

ಆ ಎರಡು ನಿಮಿಷದ ಕೆಲಸ ಇಷ್ಟೇ. ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು 7805ರ ನಡುಗಾಲಿಗೆ ಹಿಡಿಯಿರಿ. 4116ರ 1ನೇ ಕಾಲಿನಲ್ಲಿ −5, 8ನೇ ಕಾಲಿನಲ್ಲಿ +12, 9ನೇ ಕಾಲಿನಲ್ಲಿ +5 ಬರಬೇಕು. ಕಡ್ಡಿ ಪಕ್ಕದ ಕಾಲಿಗೆ ಜಾರದಂತೆ ನೋಡಿಕೊಳ್ಳಿ. −5 ಇಲ್ಲವೆಂದರೆ ತಕ್ಷಣ ಆಫ್ ಮಾಡಿ, ಟಿಆರ್4 ಪರೀಕ್ಷಿಸಿ. ಮೂಲದಲ್ಲಿ ಅಲ್ಲಿರುವುದು ಝಡ್‌ಟಿಎಕ್ಸ್650. ಒಳಗೇ ಶಾರ್ಟ್ ಆದ ಒಂದು 4116 ಕೂಡ ಈ ವೋಲ್ಟೇಜ್‌ಗಳನ್ನು ಎಳೆದು ಕೆಡವಬಲ್ಲದು. ಅದಕ್ಕೇ ಕರೆಂಟ್ ತೆಗೆದ ಮೇಲೆ +12 ಮತ್ತು −5 ಗೆರೆಗಳಿಂದ ಗ್ರೌಂಡ್‌ಗೆ ಎಷ್ಟು ಓಮ್ ಇದೆ ಎಂದೂ ಅಳೆಯಿರಿ. ಬೆರಳಿಟ್ಟು ಬಿಸಿ ನೋಡುವವರಿಗೆ ಒಂದು ಮಾತು: ಯುಎಲ್ಎ ಚೆನ್ನಾಗಿದ್ದಾಗಲೂ ಬಿಸಿಯೇ ಇರುತ್ತದೆ, ಅದನ್ನು ಅನುಮಾನಿಸಿ ಕೀಳಬೇಡಿ.

ಕಾಪಿರೈಟ್ ಸಾಲು ಬಂತು, ಆದರೆ ಆಟ ಲೋಡ್ ಆಗಿ ಹಾಳಾಗುತ್ತದೆ ಎಂದಾದರೆ ದಾರಿ ಬೇರೆ. ‘ಪ್ರಿಂಟ್ ಪೀಕ್ 23732+256*ಪೀಕ್ 23733’ ಕೊಡಿ (ಪೀಕ್ ಎಂದರೆ ಆ ವಿಳಾಸದಲ್ಲಿರುವುದನ್ನು ಓದು, ಪೋಕ್ ಎಂದರೆ ಅಲ್ಲಿ ಬರೆ). 65535 ಬಂದರೆ 48ಕೆ ಪೂರ್ತಿ ಕಂಡಿದೆ, 32767 ಬಂದರೆ ಯಂತ್ರ ತನ್ನನ್ನು 16ಕೆ ಎಂದುಕೊಂಡಿದೆ. ಆದರೆ 65535 ಬಂತೆಂದು ನೆಮ್ಮದಿಯಾಗಿ ಕೂರಬೇಡಿ. ರೋಮ್ ಮಾಡುವ ಪರೀಕ್ಷೆ ತೀರಾ ಸರಳ: ಎಲ್ಲ ಕಡೆ 2 ಬರೆದು, ಒಂದೊಂದೇ ಕಳೆದು, ಎರಡನೇ ಸಲಕ್ಕೆ ಸೊನ್ನೆ ಆಯಿತೇ ಎಂದು ನೋಡುತ್ತದೆ. ಶುರುವಿನಲ್ಲಿ ಕಪ್ಪು ಪರದೆಯ ಮೇಲೆ ಮಿಂಚಿ ಹೋಗುವ ಸಣ್ಣ ಕೆಂಪು ಗೆರೆಗಳು ಆ 2ರ ಗುರುತೇ. ಮೇಲಿನ ಆರು ಬಿಟ್‌ಗಳಲ್ಲಿ ಒಂದು ಸದಾ ಸೊನ್ನೆಯಲ್ಲೇ ಅಂಟಿಕೊಂಡಿದ್ದರೆ ಈ ಪರೀಕ್ಷೆಗೆ ಅದು ಗೊತ್ತೇ ಆಗುವುದಿಲ್ಲ. ನೀವೇ ‘ಪೋಕ್ 40000,255’ ಕೊಟ್ಟು, ‘ಪ್ರಿಂಟ್ ಪೀಕ್ 40000’ ಎಂದು ಓದಿ. 247 ಬಂದರೆ ಕಳೆದದ್ದು 8, ಅಂದರೆ 3ನೇ ಬಿಟ್. ಮೇಲಿನ 32ಕೆ ಮೆಮೊರಿಯ ಸಾಲು, ಬಿಟ್‌ಗೊಂದು ಚಿಪ್‌ನಂತೆ, ಬೋರ್ಡಿನಲ್ಲಿ ಐಸಿ15 ಎಂದು ಗುರುತಿಸಿದ ಚಿಪ್‌ನಿಂದ ಸೊನ್ನೆಯನೇ ಬಿಟ್‌ನೊಂದಿಗೆ ಶುರು, ಆದ್ದರಿಂದ ನೋಡಬೇಕಾದದ್ದು ಐಸಿ18. ಒಂದೇ ಚಿಪ್!

ಮೇಲಿನ ಸಾಲಿನ ಮಾತು ಬಂತಲ್ಲ, ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. 16 ಮತ್ತು 32 ಸೇರಿ 48 ಎನ್ನುತ್ತೇವೆ. ಆದರೆ ಅಲ್ಲಿರುವ ಎಂಟು ಚಿಪ್‌ಗಳು ಹುಟ್ಟಿನಿಂದ 64 ಕಿಲೋಬಿಟ್‌ನವು. 1982ರಲ್ಲಿ ಸ್ಪೆಕ್ಟ್ರಮ್ ಬಂದಾಗ ಪೂರ್ತಿ ಸರಿಯಿದ್ದ 64 ಕಿಲೋಬಿಟ್ ಚಿಪ್ ದುಬಾರಿ. ತಯಾರಿಕೆಯಲ್ಲಿ ಅರ್ಧ ಕೆಟ್ಟವನ್ನು 32 ಕಿಲೋಬಿಟ್ ಎಂದು ಅಗ್ಗವಾಗಿ ಮಾರುತ್ತಿದ್ದರು, ಸಿಂಕ್ಲೇರ್ ಅವನ್ನೇ ಕೊಂಡಿತು. 48ಕೆ ಯಂತ್ರವನ್ನು 175 ಪೌಂಡ್‌ಗೆ ಮಾರಲು ಇಂಥ ಲೆಕ್ಕಾಚಾರಗಳೇ ಆಧಾರ, ನನಗೆ ಈಗಲೂ ಅದರ ಮೇಲೆ ಗೌರವ. ಸರಿಯಿರುವುದು ಯಾವ ಅರ್ಧ ಎಂಬುದನ್ನು ಚಿಪ್‌ನ ಮೇಲೇ ಗುರುತಿಸಿರುತ್ತಾರೆ. ಓಕಿ ಕಂಪನಿಯ 3732ರಲ್ಲಿ ಎಲ್ ಅಥವಾ ಎಚ್ ಅಕ್ಷರ. ಒಂದು ಬೋರ್ಡಿನ ಎಂಟೂ ಒಂದೇ ಅರ್ಧದವಾಗಿರಬೇಕು, ಬೋರ್ಡಿನ ತಂತಿ ಕೊಂಡಿಯೂ ಅದಕ್ಕೆ ತಕ್ಕಂತೆ ಇರಬೇಕು. ಐಸಿ18 ಹೋದರೆ ಅದೇ ಅಕ್ಷರದ ಚಿಪ್ ಹುಡುಕುತ್ತ ಅಲೆಯಬೇಡಿ. ಎರಡೂ ಅರ್ಧ ಸರಿಯಿರುವ 4164 ಹಾಕಿ, ಕೊಂಡಿ ಹೇಗಿದ್ದರೂ ನಡೆಯುತ್ತದೆ. ಅದೇ 4164 ಅನ್ನು ಕೆಳಗಿನ ಸಾಲಿಗೆ ಮಾತ್ರ ಹಾಕಬೇಡಿ. ಅದರ 8ನೇ ಕಾಲಿಗೆ ಬೇಕಾದದ್ದು 5 ವೋಲ್ಟ್, ಅಲ್ಲಿ ಕಾದಿರುವುದು 12.