ದಿನಕ್ಕೊಂದು ಅಧ್ಯಾಯ ಓದಿದರೂ ದೇವರ ಪರಿಚಯ ಆಗುತ್ತಿಲ್ಲವೇಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ರಾತ್ರಿ ಎಷ್ಟೇ ದಣಿದಿದ್ದರೂ ಸತ್ಯವೇದದ (ಬೈಬಲಿನ) ಒಂದು ಅಧ್ಯಾಯ ಓದಿಯೇ ಮಲಗುತ್ತೇನೆ. ಆದಿಕಾಂಡ, ವಿಮೋಚನಕಾಂಡ ಮುಗಿದವು, ಯಜ್ಞ, ಯಾಜಕರ ನಿಯಮಗಳೇ ತುಂಬಿರುವ ಯಾಜಕಕಾಂಡದಲ್ಲಿ ಸಿಕ್ಕಿಕೊಂಡಿದ್ದೇನೆ. ದೇವರನ್ನು ವೈಯಕ್ತಿಕವಾಗಿ ತಿಳಿಯಬೇಕು ಎಂದು ನಮ್ಮ ಪಾಸ್ಟರ್ ಹೇಳುತ್ತಾರೆ. ಬರೀ ಓದಿನಿಂದ ಅದು ಹೇಗೆ ಸಾಧ್ಯ?

ಉತ್ತರ: ಮೊದಲು ಯಾಜಕಕಾಂಡವನ್ನು ಸದ್ಯಕ್ಕೆ ಬದಿಗಿಡಿ. ಹಾಗೆ ಬದಿಗಿಡುವುದರಲ್ಲಿ ಪಾಪವೇನೂ ಇಲ್ಲ. ಒಂದೇ ರಟ್ಟಿನೊಳಗಿದ್ದರೂ ಸತ್ಯವೇದ 66 ಪುಸ್ತಕಗಳ ಸಂಗ್ರಹ. ಕಥೋಲಿಕರ ಪ್ರತಿಯಲ್ಲಿ 73. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಓದಲೇಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ವರ್ಷದೊಳಗೆ ಇಡೀ ಗ್ರಂಥ ಮುಗಿಸುವ ಪಟ್ಟಿಗಳೆಂದರೆ ನನಗೆ ಅಷ್ಟಕ್ಕಷ್ಟೆ. ಆ ದಿನದ ಪಾಲು ಮುಗಿಯಿತೆಂದು ಗುರುತು ಹಾಕುವುದೇ ಎಷ್ಟೋ ಮನೆಗಳಲ್ಲಿ ಭಕ್ತಿಯಾಗಿಬಿಟ್ಟಿದೆ.

ಓದುತ್ತ ಓದುತ್ತಲೇ ದೇವರನ್ನು ತಪ್ಪಿಸಿಕೊಂಡು ತಿರುಗಬಹುದು. ಹಾಗೆಂದು ಎಚ್ಚರಿಸುವುದೂ ಸತ್ಯವೇದವೇ. ಯೇಸುವಿನ ಬಾಳನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದ ಕೊನೆಯ ಭಾಗವನ್ನು ನೋಡಿ. ಶಾಸ್ತ್ರಗಳನ್ನು ಅರೆದು ಕುಡಿದವರಿಗೇ ಯೇಸು ಹೇಳುತ್ತಾನೆ: ಅವು ಸಾಕ್ಷಿ ಹೇಳುವುದು ನನ್ನ ವಿಷಯದಲ್ಲಿ, ನಿಮಗಾದರೋ ನನ್ನ ಬಳಿಗೆ ಬರಲು ಮನಸ್ಸಿಲ್ಲ. ಆದ್ದರಿಂದ ಎಷ್ಟು ಓದಿದೆ ಎಂಬ ಲೆಕ್ಕ ಬಿಟ್ಟು, ಇಲ್ಲಿ ಮಾತನಾಡುತ್ತಿರುವವನು ಎಂಥವನು ಎಂದು ಕೇಳಿಕೊಳ್ಳುತ್ತ ಓದಿ.

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ. ಅದರ 10ನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರಾದ ಶಿಷ್ಯರು ಯೇಸುವಿನ ಬಳಿಗೆ ಬಂದು, ನಾವು ಬೇಡಿದ್ದನ್ನು ನಡೆಸಿಕೊಡಬೇಕು ಎನ್ನುತ್ತಾರೆ. ನಾನು ನಿಮಗೆ ಏನು ಮಾಡಬೇಕು ಎಂದು ಯೇಸು ಕೇಳುತ್ತಾನೆ. ಅವರಿಗೆ ಬೇಕಾದದ್ದು ಯೇಸುವಿನ ಎಡಬಲದ ಪೀಠಗಳು. ಅಧ್ಯಾಯ ಮುಗಿಯುವ ಮೊದಲು ಯೆರಿಕೋ ಊರಿನ ದಾರಿಬದಿಯಲ್ಲಿ ಬಾರ್ತಿಮಾಯನೆಂಬ ಕುರುಡ ಭಿಕ್ಷುಕ ಕೂಗಿಕೊಳ್ಳುತ್ತಾನೆ. ಸುಮ್ಮನಿರು ಎಂದು ಜನ ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ, ಅವನನ್ನು ಕರೆಸುತ್ತಾನೆ, ಅದೇ ಪ್ರಶ್ನೆಯನ್ನು ಅವನಿಗೂ ಕೇಳುತ್ತಾನೆ. ಕುರುಡನಿಗೆ ಏನು ಬೇಕೆಂದು ತಿಳಿಯದೇ? ಆದರೂ ಕೇಳುತ್ತಾನೆ. ಹೊದ್ದಿದ್ದನ್ನು ಬಿಸಾಡಿ ಎದ್ದು ಬಂದವನು ಕೇಳಿದ್ದು ಒಂದೇ: ಕಣ್ಣು ಬರಬೇಕು.

ಜೊತೆಯಲ್ಲೇ ತಿರುಗಿದ ಶಿಷ್ಯರಿಗೆ ಕುರ್ಚಿಯ ಆಸೆ, ದಾರಿಬದಿಯವನಿಗೆ ದೃಷ್ಟಿಯ ಆಸೆ. ಬೇಗ ಬೇಗ ಓದಿದರೆ ಇವೆರಡು ಬೇರೆ ಬೇರೆ ಕಥೆಗಳು. ನಿಧಾನಿಸಿದರೆ ಆ ಪ್ರಶ್ನೆ ಮೂರನೆಯ ಸಲ ನಿಮ್ಮ ಕಡೆಗೇ ತಿರುಗುತ್ತದೆ. ಪುಸ್ತಕ ಮಡಚಿ ಅದಕ್ಕೆ ಉತ್ತರ ಹೇಳಿ. ಸಂಬಳದ ವಿಷಯವಾದರೂ ಸರಿ, ಮಗಳ ಜ್ವರವಾದರೂ ಸರಿ. ನಿಮ್ಮ ಪಾಸ್ಟರ್ ಹೇಳುವ ವೈಯಕ್ತಿಕ ಪರಿಚಯ ಆರಂಭವಾಗುವುದು ಈ ಉತ್ತರದಿಂದ. ಹನ್ನೆರಡನೆಯ ಶತಮಾನದ ಫ್ರಾನ್ಸಿನ ಸನ್ಯಾಸಿ ಎರಡನೆಯ ಗೀಗೋ ಇದನ್ನೇ ನಾಲ್ಕು ಮೆಟ್ಟಿಲಾಗಿ ಬಿಡಿಸಿಟ್ಟ: ಓದು, ಮನನ, ಪ್ರಾರ್ಥನೆ, ಕೊನೆಗೆ ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ನಮ್ಮಲ್ಲಿ ಬಹಳ ಮಂದಿ ಮೊದಲನೆಯ ಮೆಟ್ಟಿಲಿನಲ್ಲೇ ಅಧ್ಯಾಯ ಎಣಿಸುತ್ತ ಕೂತಿದ್ದೇವೆ.

ಏನು ಹೇಳಬೇಕೆಂದೇ ತೋಚದಿದ್ದರೆ ಸತ್ಯವೇದದ ಹಾಡು-ಪ್ರಾರ್ಥನೆಗಳಾದ ಕೀರ್ತನೆಗಳಿಂದ ಮಾತು ಎರವಲು ತನ್ನಿ. ದೇವರೊಡನೆ ಹೀಗೂ ಮಾತನಾಡಬಹುದೇ ಎನ್ನಿಸುವಷ್ಟು ಸಲುಗೆ ಅಲ್ಲಿದೆ. 13ನೆಯ ಕೀರ್ತನೆ ಇನ್ನೂ ಎಷ್ಟು ಕಾಲ ಮರೆತಿರುತ್ತೀ ಎಂದು ನೇರವಾಗಿ ಜಗಳಕ್ಕೇ ನಿಲ್ಲುತ್ತದೆ. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಾಗಿ ಓದಿದಾಗ ಎದೆ ತುಂಬಿ ಬರಲಿಲ್ಲವೆಂದು ನೊಂದುಕೊಳ್ಳಬೇಡಿ. ಹನ್ನೆರಡು ತಾಸು ಮಷಿನ್ ಮುಂದೆ ಬಗ್ಗಿದವರಿಗೆ ರಾತ್ರಿ ನಿದ್ದೆ ಬರುವುದೇ ಸಹಜ. ಆಗುವುದಾದರೆ ಬೆಳಗಿನ ಹೊತ್ತಿಗೆ ಹತ್ತು ವಚನ ಸಾಕು, ಬಾಯಿಬಿಟ್ಟು ಓದಿ.

ಭಾಷೆ ಗಡುಸೆನ್ನಿಸಿದರೆ ಸರಳ ಕನ್ನಡದ ಅನುವಾದ ತೆಗೆದುಕೊಳ್ಳಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿ, ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದದ್ದು ನಿಮ್ಮ ಬಳ್ಳಾರಿಯಲ್ಲೇ. ಓದುವವರಿಗೆ ಅವರದೇ ಮಾತಿನಲ್ಲಿ ಮುಟ್ಟಲಿ ಎಂಬುದಕ್ಕೇ ತಾನೆ ಅಷ್ಟೆಲ್ಲ ಶ್ರಮ. ಮನೆಮಾತು ತೆಲುಗಾಗಿದ್ದರೆ ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಪ್ರಾರ್ಥಿಸಿ. ಬಳ್ಳಾರಿಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಒಂದು ಚಾಳಿಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ. ಕಣ್ಣುಮುಚ್ಚಿ ಯಾವುದೋ ಪುಟ ತೆರೆದು, ಬೆರಳು ಬಿದ್ದ ವಚನವೇ ಇವತ್ತು ನನಗೆ ದೇವರು ಕೊಟ್ಟ ಅಪ್ಪಣೆ ಎನ್ನುವುದು ಶಕುನ ಕೇಳಿದ ಹಾಗೆ. ಹಿಂದುಮುಂದಿನ ಮಾತು ಬಿಟ್ಟರೆ ಯಾವ ವಚನದಿಂದ ಏನನ್ನು ಬೇಕಾದರೂ ಹೇಳಿಸಬಹುದು. ಅದಕ್ಕೇ ವಾರಕ್ಕೊಮ್ಮೆಯಾದರೂ ಸಭೆಯ ನಾಲ್ಕು ಜನರ ಜೊತೆ ಕೂತು ಓದಿ. ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯದಲ್ಲಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯನ್ನು, ಯೇಸುವಿನ ವಿಷಯ ಸಾರುತ್ತಿದ್ದ ಫಿಲಿಪ್ಪ, ಓದುತ್ತಿರುವುದು ಅರ್ಥವಾಗುತ್ತದೆಯೇ ಎಂದು ಕೇಳುತ್ತಾನೆ. ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎಂದು ಅವನು ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ.

ಮಾರ್ಕನಾದ ಮೇಲೆ ಯೋಹಾನನ ಸುವಾರ್ತೆ, ನಡುನಡುವೆ ಕೀರ್ತನೆಗಳು. ಯಾಜಕಕಾಂಡಕ್ಕೆ ಮರಳುವಾಗ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಆ ಯಜ್ಞ, ಯಾಜಕ, ರಕ್ತಗಳಿಗೂ ಯೇಸುವಿಗೂ ಏನು ಸಂಬಂಧವೆಂದು ಅದರ 9 ಮತ್ತು 10ನೆಯ ಅಧ್ಯಾಯಗಳು ಬಿಡಿಸಿ ಹೇಳುತ್ತವೆ.