ಮೊಳೆ ಇಲ್ಲದ ಜಪಾನಿ ಮಂಚ ನಮ್ಮ ಮಳೆಗಾಲಕ್ಕೆ ತಡೆಯುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಸಾಗುವಾನಿ ಹಲಗೆ ಇದೆ. ಜಪಾನಿನವರ ಥರ ತಗ್ಗಾದ, ಮೊಳೆ ಹೊಡೆಯದ ಮಂಚವನ್ನು ಕೈಯಾರೆ ಮಾಡಬೇಕು ಅಂತ ಆಸೆ. ನಮ್ಮ ಮಳೆಗಾಲಕ್ಕೆ ಅದು ಬಿರುಕು ಬಿಡಲ್ವಾ? ಬೂಷ್ಟು ಹಿಡಿಯಲ್ವಾ?

ತಡೆಯುತ್ತದೆ. ಖಂಡಿತ ಮಾಡಿ. ಈ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ, ಕೇಳುವವರ ಗಮನವೆಲ್ಲ ಮೊಳೆಯ ಮೇಲೇ ಇರುತ್ತದೆ. ಮಂಚ ಒಡೆಯುವುದು ಹಲಗೆಗೆ ಹಿಗ್ಗಲು ಜಾಗ ಬಿಡದಿದ್ದಾಗ. ಮೊಳೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಾನು ಮಾಡಿದ ಮೊದಲ ಮಂಚದಲ್ಲೇ ಇದನ್ನು ಕಂಡೆ. ಏಪ್ರಿಲ್‌ನಲ್ಲಿ ಮಾಡಿದ್ದು. ತಲೆದೆಸೆಯ ಹಲಗೆ ಒಂದೂವರೆ ಅಡಿ ಎತ್ತರ, ಅದನ್ನು ಚೌಕಟ್ಟಿನ ನಾಲ್ಕೂ ಕಡೆಗೆ ಗೋಂದು ಹಾಕಿ ಕೂದಲೆಳೆಯೂ ತೂರದ ಹಾಗೆ ಬಿಗಿಯಾಗಿ ಕೂರಿಸಿದ್ದೆ. ಪುನರ್ವಸು ಮಳೆ ಹಿಡಿದು ವಾರ ಆಗಿತ್ತು. ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಎಡಗಡೆ ಮೇಲಿನ ಮೂಲೆ ಬಾಯಿ ಬಿಟ್ಟಿತ್ತು, ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಹಲಗೆಗೆ ಏನೂ ಆಗಿರಲಿಲ್ಲ. ಅದು ಉಬ್ಬಿ ಚೌಕಟ್ಟನ್ನೇ ಆಚೆ ತಳ್ಳಿತ್ತು.

ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಆಟವೆಲ್ಲ ಅಗಲದಲ್ಲಿ. ಗಾಳಿಯಲ್ಲಿ ತೇವ ಶೇಕಡ 40ರಿಂದ 50 ಇರುವ ಬೇಸಿಗೆಯಲ್ಲಿ ಮರದೊಳಗೆ ಶೇಕಡ 8–9ರಷ್ಟು ನೀರು ಉಳಿದಿರುತ್ತದೆ. ಗಾಳಿಯ ತೇವ 85 ದಾಟಿ ಹಾಗೇ ನಿಂತರೆ ಅದು ನಿಧಾನವಾಗಿ 18ರ ಹತ್ತಿರಕ್ಕೆ ಏರುತ್ತದೆ. ನಿಮ್ಮದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಹಾಗಿರುವಾಗ ಗಾಳಿ ಎಷ್ಟು ದಿನ ಒದ್ದೆಯಾಗೇ ಇರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಸಾಗುವಾನಿ ತುಂಬ ಸಾಧು ಮರ, ಆದರೂ ಒಂದು ಅಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಹಿಗ್ಗಬಹುದು. ದಿಮ್ಮಿಯನ್ನು ಹೇಗೆ ಕೊಯ್ದಿದ್ದಾರೆ ಅನ್ನುವುದೂ ಮುಖ್ಯ. ಹಲಗೆಯ ತುದಿ ನೋಡಿ. ಉಂಗುರದ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಕಮ್ಮಿ ಹಿಗ್ಗುತ್ತದೆ. ಕಮಾನಿನ ಹಾಗೆ ಬಾಗಿ ಮಲಗಿದ್ದರೆ ಸುಮಾರು ಎರಡು ಪಟ್ಟು.

ಇದಕ್ಕೆ ಉಪಾಯ ಬಹಳ ಹಳೆಯದು. ಚೀನಾದಲ್ಲಿ ಮಿಂಗ್ ದೊರೆಗಳ ಕಾಲದ, ಅಂದರೆ 1368ರಿಂದ 1644ರ ನಡುವಿನ ಪೀಠೋಪಕರಣ ನೋಡಿದರೆ ಚೌಕಟ್ಟು ಗಟ್ಟಿ, ನಡುವಿನ ಹಲಗೆ ಮಾತ್ರ ಸ್ವತಂತ್ರ. ಚೌಕಟ್ಟಿನ ಒಳಗೆ ಗ್ರೂವ್ ಹೊಡೆದು, ಹಲಗೆಯ ಅಂಚನ್ನು ಅದರಲ್ಲಿ ಸುಮ್ನೆ ಕೂರಿಸುತ್ತಾರೆ. ಗೋಂದಿಲ್ಲ. ಹಲಗೆ ಒಳಗೊಳಗೇ ಜಾರುತ್ತದೆ. ನಮ್ಮ ಹಳೇ ಮನೆಗಳ ಚೌಕಟ್ಟಿನ ಬಾಗಿಲುಗಳಲ್ಲೂ ಇದೇ ಕೆಲಸ ಇದೆ. ನಮ್ಮಜ್ಜನ ಮನೆಯಲ್ಲಿ ಒಂದು ಬೀರು ಇತ್ತು. ಶಿವರಾತ್ರಿ ಕಳೆದ ಮೇಲೆ ಅದರ ಬಾಗಿಲಿನ ಹಲಗೆಯ ಅಂಚಿನಲ್ಲಿ ಪಾಲಿಶ್ ಕಾಣದ ಬಿಳಿಚಿದ ಒಂದು ಗೆರೆ ಮೂಡುತ್ತಿತ್ತು. ಆಷಾಢದಲ್ಲಿ ಮಾಯ. ಹುಡುಗನಾಗಿದ್ದಾಗ ಅದರ ಮೇಲೆ ಉಗುರಿನಿಂದ ಗೀರುತ್ತಿದ್ದೆ. ಆ ಗೆರೆಯಷ್ಟು ಅಗಲಕ್ಕೇ ಹಲಗೆ ವರ್ಷವರ್ಷವೂ ಓಡಾಡುತ್ತಿತ್ತು ಅಂತ ಗೊತ್ತಾಗಿದ್ದು ನನ್ನ ಮಂಚ ಒಡೆದ ಮೇಲೆ.

ಹಾಗಾಗಿ ಹಲಗೆಯನ್ನು ಚೌಕಟ್ಟಿಗೆ ಸೇರಿಸುವ ಮೊದಲೇ ಅಂಚಿನ ತನಕ ಪಾಲಿಶ್ ಮಾಡಿ. ಗೋಂದು ಹಾಕಲೇಬೇಕು ಅನ್ನಿಸಿದರೆ ಎರಡೂ ತುದಿಯಲ್ಲಿ ಅಗಲದ ನಟ್ಟನಡುವೆ ಒಂದೊಂದು ಬೊಟ್ಟು ಸಾಕು, ಆಗ ಎರಡೂ ಕಡೆಗೆ ಸಮ ಹಿಗ್ಗುತ್ತದೆ. ಇನ್ನೊಂದು ವಿಷಯ ಕೆಲಸ ಕಲಿತವರೂ ಮರೆಯುತ್ತಾರೆ. ಯಾವ ತಿಂಗಳಲ್ಲಿ ಮಾಡುತ್ತೀರಿ ಅನ್ನುವುದರ ಮೇಲೆ ಜಾಗದ ಲೆಕ್ಕ ಬದಲಾಗುತ್ತದೆ. ಮಾರ್ಚ್‌ನಲ್ಲಿ ಮಾಡಿದರೆ ಹಲಗೆ ಮುಂದೆ ಹಿಗ್ಗುತ್ತದೆ, ಗ್ರೂವ್‌ನೊಳಗೆ ಜಾಗ ಬಿಡಿ. ಆಗಸ್ಟ್‌ನಲ್ಲಿ ಮಾಡಿದರೆ ಅದು ಆಗಲೇ ಹಿಗ್ಗಿರುತ್ತದೆ, ಹೆಚ್ಚುಕಮ್ಮಿ ತುಂಬಿಸಿ ಕೂರಿಸಿ, ಗ್ರೂವ್ ಮಾತ್ರ ಆಳ ಇರಲಿ. ಇಲ್ಲದಿದ್ದರೆ ಬೇಸಿಗೆಗೆ ಹಲಗೆ ಕುಗ್ಗಿ ಈಚೆ ಬರುತ್ತದೆ.

ಈಗ ಬೂಷ್ಟಿನ ವಿಷಯ. ನನಗೆ ಇದೇ ದೊಡ್ಡ ಚಿಂತೆ. ಹಳೇ ಜಪಾನಿ ಮನೆಗಳಲ್ಲಿ ಮಂಚವೇ ಇರಲಿಲ್ಲ. ತತಾಮಿ ಚಾಪೆಯ ಮೇಲೆ ಫುತೋನ್ ಹಾಸಿಗೆ ಹಾಸಿ ಮಲಗಿ, ಬೆಳಿಗ್ಗೆ ಮಡಚಿ ಗೋಡೆ ಬೀರುವಿನಲ್ಲಿ ಇಡುತ್ತಿದ್ದರು. ನಮ್ಮಲ್ಲೂ ಚಾಪೆ ಸುತ್ತಿಡುತ್ತಿದ್ದೆವಲ್ಲ, ಹಾಗೇ. ಅವರಲ್ಲೂ ಜೂನ್, ಜುಲೈ ಮಳೆಯ ಕಾಲ. ದಿನಾ ಎತ್ತಿಡುತ್ತಿದ್ದರಿಂದ ಹಾಸಿಗೆಗೆ ಗಾಳಿ ಆಡುತ್ತಿತ್ತು. ಈಗ ಚಿತ್ರಗಳಲ್ಲಿ ಕಾಣುವ ನೆಲಕ್ಕೆ ಅಂಟಿದಂಥ ಮಂಚ ಆಮೇಲೆ ಬಂದದ್ದು. ಅದರ ಮೇಲೆ ಎಂಟಿಂಚಿನ ಫೋಮ್ ಹಾಸಿಗೆ ಹಾಕಿ ಮಲೆನಾಡಿನಲ್ಲಿ ನಾಲ್ಕು ತಿಂಗಳು ಅಲುಗಿಸದೆ ಬಿಟ್ಟರೆ ಅಡಿಯಲ್ಲಿ ಹಸಿರು ಕೂರುತ್ತದೆ. ಮೈಯ ಬೆವರು ಕೆಳಗಿಳಿಯುತ್ತದೆ, ನೆಲದ ತಂಪು ಮೇಲೇರುತ್ತದೆ, ನಡುವೆ ಪ್ಲೈವುಡ್ ಇದ್ದರೆ ಎರಡಕ್ಕೂ ದಾರಿ ಇಲ್ಲ.

ಅದಕ್ಕೇ ನಾನು ಹೇಳುವುದು, ನೋಟ ಜಪಾನಿನದಿರಲಿ, ಎತ್ತರ ನಮ್ಮದಿರಲಿ. ನೆಲದಿಂದ ಮಂಚದ ಅಡಿಗೆ ಎಂಟು ಇಂಚಾದರೂ ಬೇಕು. ಪೊರಕೆ ಆಡಬೇಕು, ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಬಗ್ಗಿ ನೋಡಿದಾಗ ಕಾಣಬೇಕು. ಕಾಲುಗಳನ್ನು ಅಂಚಿನಿಂದ ಒಂದಡಿ ಒಳಗೆ ಇಟ್ಟರೆ ಮಂಚ ತಗ್ಗಾಗಿ, ತೇಲುವ ಹಾಗೇ ಕಾಣುತ್ತದೆ. ಹಾಸಿಗೆ ಕೆಳಗೆ ಇಡೀ ಹಲಗೆ ಬೇಡ, ಮೂರಿಂಚಿನ ಪಟ್ಟಿಗಳು, ನಡುವೆ ಎರಡು ಇಂಚು ಸಂದು. ಹಾಸಿಗೆ ಮೊದಲು ಕೊಂಡು, ಅಳೆದು, ಆಮೇಲೆ ಮರಕ್ಕೆ ಗರಗಸ ಹಾಕಿ.

ಮೊಳೆ ಇಲ್ಲದ ಜೋಡಣೆಗೆ ಹೊಸಬರಿಗೆ ಒಂದೇ ಸಾಕು. ಪಕ್ಕದ ತೊಲೆಯ ತುದಿಯನ್ನು ನಾಲಿಗೆಯ ಹಾಗೆ ತೆಗೆದು, ಕಾಲಿನ ತೂತಿನಲ್ಲಿ ಆಚೆ ಕಡೆ ಹೊರಬರುವಂತೆ ತೂರಿಸಿ, ಹೊರಬಂದ ತುದಿಗೆ ಅಡ್ಡ ಬೆಣೆ ಹೊಡೆಯುವುದು. ಕೈಗೆ ಉಳಿ, ಕೊಡತಿ, ಸಣ್ಣ ಹಲ್ಲಿನ ಗರಗಸ ಇದ್ದರೆ ಆಯ್ತು. ಉಳಿ ಚೆನ್ನಾಗಿ ಮಸೆದಿರಲಿ. ತೂತನ್ನು ಎರಡೂ ಮುಖದಿಂದ ಅರ್ಧರ್ಧ ಕೊರೆದು ಬನ್ನಿ, ಒಂದೇ ಕಡೆಯಿಂದ ಹೊಡೆದರೆ ಆಚೆ ಮುಖ ಸಿಬಿರೆದ್ದು ಬರುತ್ತದೆ. ಬೇಸಿಗೆಯಲ್ಲಿ ಕಾಲು ಕುಗ್ಗಿ ಸ್ವಲ್ಪ ಸಡಿಲ ಆದರೆ ಬೆಣೆಗೆ ಎರಡು ಏಟು. ಮನೆ ಬದಲಿಸುವಾಗ ಬೆಣೆ ಕಿತ್ತರೆ ಮಂಚ ಬಿಚ್ಚಿಕೊಳ್ಳುತ್ತದೆ.

ಮೊಳೆ ಮುಟ್ಟಲೇಬಾರದು ಅಂತೇನೂ ಇಲ್ಲ. ಜಪಾನಿನ ತನ್ಸು ಪೆಟ್ಟಿಗೆಗಳಿಗೆ ಕಬ್ಬಿಣದ ಪಟ್ಟಿ, ಚಿಲಕ ಹೇರಳವಾಗಿ ಇರುತ್ತವೆ. ಆದರೆ ನಮ್ಮ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮತ್ತಿಯಂಥ ಒಗರಿನ ಮರದಲ್ಲಿ ಸುತ್ತಲೂ ಕಪ್ಪು ಕಲೆ ಬಿಡುತ್ತದೆ. ಬೇಕಾದಲ್ಲಿ ಹಿತ್ತಾಳೆ ಸ್ಕ್ರೂ ಹಾಕಿ.

ಸಾಗುವಾನಿ ಕಮ್ಮಿ ಬಿದ್ದರೆ ಪಟ್ಟಿಗಳಿಗೆ ಹಲಸು, ಹೆಬ್ಬಲಸು ಚೆನ್ನಾಗಿರುತ್ತದೆ. ಎಳೆಯ ಅಕೇಶಿಯಾ ಬೇಡ, ಒಣಗುವಾಗ ಸೊಟ್ಟ ತಿರುಗುತ್ತದೆ. ಯಾವ ಮರವಾದರೂ ಚೇಗು ಮಾತ್ರ ಬಳಸಿ. ಹೊರಗಿನ ಬಿಳಿ ಭಾಗ ಉಳಿಸಿಕೊಂಡರೆ ಕುಟ್ಟೆ ಹಿಡಿದು ಹಿಟ್ಟು ಉದುರುತ್ತದೆ. ಪಾಲಿಶ್ ಅಡಿಗೂ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ಒಂದು ಮುಖ ಬೇಗ ನೀರು ಕುಡಿದು ಹಲಗೆ ದೋಣಿಯ ಹಾಗೆ ಬಾಗುತ್ತದೆ. ಕೆತ್ತನೆ ಬೇಕು ಅನ್ನುವವರಿಗೆ ನನ್ನ ಮಾತು, ಡ್ರ್ಯಾಗನ್ ನಕಲು ಮಾಡಬೇಡಿ. ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ತಲೆದೆಸೆಗೆ ಒಂದು ಸಣ್ಣ ಬಳ್ಳಿ ಪಟ್ಟಿ ಮಾಡಿಸಿ, ಉಳಿದದ್ದು ಸಾದಾ ಇರಲಿ.

ಒಣಗಿಸುವ ಲೆಕ್ಕ ಇಂಚು ದಪ್ಪಕ್ಕೆ ಒಂದು ವರ್ಷ. ನಿಮ್ಮ ಹಲಗೆಗಳ ನಡುವೆ ಒಂದೇ ದಪ್ಪದ ರೀಪು ಇಟ್ಟು ಅಟ್ಟದಲ್ಲಿ ಪೇರಿಸಿ. ಅಗಲವಾದ ಒಂದು ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಎಳೆದು, ಅಲ್ಲಿನ ಅಗಲವನ್ನು ಮಿಲಿಮೀಟರಿನಲ್ಲಿ, ತಾರೀಖಿನ ಜೊತೆ ಬರೆದಿಡಿ. ಮರ ಒಣಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ಸಲ, ಆಶ್ಲೇಷಾ ಮಳೆ ಹೊಯ್ಯುವಾಗ ಇನ್ನೊಂದು ಸಲ ಅದೇ ಗೆರೆಯ ಮೇಲೆ ಅಳೆಯಿರಿ. ಎಷ್ಟು ವ್ಯತ್ಯಾಸ ಬಂತೋ ಅಷ್ಟು ಜಾಗ ನಿಮ್ಮ ಗ್ರೂವ್‌ನಲ್ಲಿ ಬಿಡಿ.