ಆಸ್ಪತ್ರೆ ಖರ್ಚಿಗೆ ನೂರಕ್ಕೆ ಹತ್ತರ ಬಡ್ಡಿ ಸಾಲ ತಗೊಳ್ಳಬಹುದೇ?

ಪ್ರಶ್ನೆ: ಅಮ್ಮನ ಆಪರೇಷನ್‌ಗೆ ತುರ್ತಾಗಿ 50,000 ರೂಪಾಯಿ ಬೇಕಾಗಿದೆ. ಬ್ಯಾಂಕಿನಲ್ಲಿ ಸಾಲ ಸಿಗಲಿಲ್ಲ. ಪರಿಚಯದವರೊಬ್ಬರು ತಿಂಗಳಿಗೆ ನೂರಕ್ಕೆ ಹತ್ತರಂತೆ ಇವತ್ತೇ ಕೊಡುತ್ತೇನೆ ಎನ್ನುತ್ತಿದ್ದಾರೆ. ಭದ್ರತೆಗೆ ಎರಡು ಖಾಲಿ ಚೆಕ್, ಸಹಿ ಮಾಡಿದ ಛಾಪಾ ಕಾಗದ ಕೇಳಿದ್ದಾರೆ. ನಾಲ್ಕೈದು ತಿಂಗಳಲ್ಲಿ ತೀರಿಸಬಲ್ಲೆ ಅನಿಸುತ್ತದೆ. ತಗೊಳ್ಳಲೇ?

ಉತ್ತರ: ಬೇಡ. ಯಾಕೆ ಬೇಡ ಅನ್ನುವುದಕ್ಕೆ ಮೊದಲು ಲೆಕ್ಕ ನೋಡಿ.

ಇಂಥ ಸಾಲದಲ್ಲಿ ಮೊದಲ ತಿಂಗಳ ಬಡ್ಡಿಯನ್ನು ಸಾಮಾನ್ಯವಾಗಿ ಹಿಡಿದುಕೊಂಡೇ ಕೊಡುತ್ತಾರೆ. ಕೈಗೆ ಬರುವುದು 45,000. ಬಡ್ಡಿ ಮಾತ್ರ 50,000ಕ್ಕೆ, ತಿಂಗಳಿಗೆ 5,000. ಈ 5,000ದಲ್ಲಿ ಒಂದು ರೂಪಾಯಿಯೂ ಅಸಲಿಗೆ ಹೋಗುವುದಿಲ್ಲ. ಹತ್ತು ತಿಂಗಳಿಗೆ 50,000 ಬಡ್ಡಿ ಕಟ್ಟಿ ಮುಗಿಸಿದ ದಿನವೂ ನಿಮ್ಮ ಮೇಲೆ ಪೂರ್ತಿ 50,000 ಸಾಲ ಹಾಗೇ ಇರುತ್ತದೆ. ಇದೇ 50,000ವನ್ನು ವರ್ಷಕ್ಕೆ ಶೇ 24ರ ಬಡ್ಡಿಯಲ್ಲಿ, ಅಂದರೆ ಅದೂ ದುಬಾರಿಯೇ ಆದ ದರದಲ್ಲಿ, 12 ಕಂತುಗಳ ಸಾಲವಾಗಿ ತಗೊಂಡರೆ ತಿಂಗಳ ಕಂತು ಸುಮಾರು 4,730 ರೂಪಾಯಿ. ಅಲ್ಲಿ ಕಟ್ಟುವುದು ಇನ್ನೂ ಕಡಿಮೆ, ವರ್ಷಕ್ಕೆ ಸಾಲವೂ ತೀರಿರುತ್ತದೆ.

ನಾಲ್ಕೈದು ತಿಂಗಳಲ್ಲಿ ತೀರಿಸುವ ಮಾತು ಕೈಕೊಡುವುದು ಇಲ್ಲೇ. ಮೀಟರ್ ಬಡ್ಡಿಯವರು ಅಸಲನ್ನು ಐದೋ ಹತ್ತೋ ಸಾವಿರವಾಗಿ ಮುರಿದುಕೊಳ್ಳಲು ಹೆಚ್ಚಾಗಿ ಒಪ್ಪುವುದಿಲ್ಲ. "ಒಟ್ಟಿಗೇ ತಂದುಕೊಡಿ" ಎನ್ನುತ್ತಾರೆ. ಐದು ತಿಂಗಳಲ್ಲಿ 50,000 ಒಟ್ಟುಮಾಡಲು ತಿಂಗಳಿಗೆ 10,000 ಎತ್ತಿಡಬೇಕು, ಮೇಲೆ 5,000 ಬಡ್ಡಿ ಕಟ್ಟಬೇಕು. ಮನೆ ಖರ್ಚು ಕಳೆದು ತಿಂಗಳಿಗೆ 15,000 ಉಳಿಯುವ ಮನೆಯವರು ಈ ಸಾಲಕ್ಕೆ ಬರುವುದೇ ಅಪರೂಪ. ಒಂದು ತಿಂಗಳ ಬಡ್ಡಿ ತಪ್ಪಿದರೆ ಅದನ್ನು ಅಸಲಿಗೆ ಸೇರಿಸಿ ಚಕ್ರಬಡ್ಡಿ ಹಾಕುತ್ತಾರೆ. ಹಾಗೆ ಆರು ತಿಂಗಳು ಏನೂ ಕಟ್ಟದಿದ್ದರೆ 50,000 ಎನ್ನುವುದು 88,578 ಆಗುತ್ತದೆ. ವರ್ಷ ತುಂಬಿದಾಗ 1,56,921.

ಸಂತೆ ವ್ಯಾಪಾರಿಗಳು, ಆಟೊದವರು ತಗೊಳ್ಳುವ ದಿನಬಡ್ಡಿ ಸಾಲ ಇದಕ್ಕಿಂತ ಮೃದುವಾಗಿ ಕಾಣುತ್ತದೆ. 10,000ಕ್ಕೆ 1,500 ಹಿಡಿದು 8,500 ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ವಸೂಲಿ ಮಾಡುತ್ತಾರೆ. ಶೇ 15 ತಾನೇ ಎನಿಸುತ್ತದೆ. ಆದರೆ ಮರುದಿನದಿಂದಲೇ ಹಣ ವಾಪಸು ಹೋಗುತ್ತಿರುವುದರಿಂದ ಆ 8,500 ಪೂರ್ತಿಯಾಗಿ ನಿಮ್ಮ ಬಳಿ ನೂರು ದಿನ ಇರುವುದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 120ರ ಆಸುಪಾಸು ಬರುತ್ತದೆ.

ಬಡ್ಡಿಗಿಂತ ದೊಡ್ಡ ಅಪಾಯ ಆ ಎರಡು ಚೆಕ್‌ಗಳಲ್ಲಿದೆ. ಸಹಿ ಮಾಡಿದ ಖಾಲಿ ಚೆಕ್‌ನಲ್ಲಿ ನಾಳೆ 3 ಲಕ್ಷ ಎಂದು ಬರೆದು ಬ್ಯಾಂಕಿಗೆ ಹಾಕಬಹುದು. ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಕೇಸು. ಉಳಿದ ವಿವರ ಬೇರೆಯವರು ತುಂಬಿದ್ದರೂ, ಸಹಿ ನಿಮ್ಮದಾಗಿದ್ದರೆ ಅದನ್ನು ಸಾಲ ತೀರಿಸಲು ಕೊಟ್ಟ ಚೆಕ್ ಎಂದೇ ನ್ಯಾಯಾಲಯ ಭಾವಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಹಣವನ್ನು ನಗದಾಗಿ ಪಡೆದು, ನಗದಾಗಿಯೇ ಬಡ್ಡಿ ಕಟ್ಟಿದವರ ಬಳಿ ಏನನ್ನು ತೋರಿಸಲಿಕ್ಕಿದೆ? ಸಹಿ ಮಾಡಿದ ಖಾಲಿ ಛಾಪಾ ಕಾಗದ, ಎಟಿಎಂ ಕಾರ್ಡ್ ಮತ್ತು ಪಿನ್, ಭದ್ರತೆಯ ಹೆಸರಿನಲ್ಲಿ ನಿವೇಶನದ ಕ್ರಯಪತ್ರ: ಯಾವುದನ್ನೂ ಕೊಡಬೇಡಿ. ಕ್ರಯಪತ್ರವಂತೂ ಒಮ್ಮೆ ನೋಂದಣಿಯಾದರೆ ಕಾಗದದ ಮಟ್ಟಿಗೆ ಅದು ಮಾರಾಟವೇ.

ಹಾಗಾದರೆ ಆಸ್ಪತ್ರೆ ಖರ್ಚಿಗೆ ಏನು ಮಾಡುವುದು? ಮೊದಲು ಸಾಲದ ಮೊತ್ತವನ್ನೇ ಇಳಿಸಲು ನೋಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಚಿಕಿತ್ಸೆ ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ನಗದುರಹಿತ ಯೋಜನೆ. ದಾಖಲಾಗುವಾಗಲೇ ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಸಹಾಯಕ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕೇಳಿ. ದುಡ್ಡು ಕಟ್ಟಿದ ಮೇಲೆ ಕೇಳಿದರೆ ಕೆಲಸ ಕೆಡುತ್ತದೆ.

ಉಳಿದ ಮೊತ್ತಕ್ಕೆ ಚಿನ್ನ ಇದ್ದರೆ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಡಿ. ಅಕ್ಕನದೋ ಅತ್ತೆಯದೋ ಒಡವೆ ಕೇಳುವುದು ಮುಜುಗರವೇ, ಆದರೂ ಕೇಳಿ. ವರ್ಷಕ್ಕೆ ಶೇ 10ರಂತೆ 50,000ಕ್ಕೆ ಐದು ತಿಂಗಳ ಬಡ್ಡಿ ಸುಮಾರು 2,080 ರೂಪಾಯಿ. ಮೀಟರ್ ಬಡ್ಡಿಯಲ್ಲಿ ಅದೇ ಅವಧಿಗೆ 25,000. ಚಿನ್ನದ ಸಾಲಕ್ಕೆ ಸಂಬಳ ಚೀಟಿಯ ತಕರಾರೂ ಕಡಿಮೆ. ಪಿಎಫ್ ಇದ್ದರೆ ಕಾಯಿಲೆಯ ಕಾರಣಕ್ಕೆ ಆನ್‌ಲೈನ್‌ನಲ್ಲೇ ಮುಂಗಡ ಕೇಳಬಹುದು. ಹಳೆಯ ಎಲ್‌ಐಸಿ ಪಾಲಿಸಿಯ ಮೇಲಿನ ಸಾಲ, ಸ್ತ್ರೀಶಕ್ತಿ ಸಂಘದ ಆಂತರಿಕ ಸಾಲ, ಕೆಲಸದ ಕಡೆ ಸಂಬಳದ ಮುಂಗಡ, ಇವನ್ನೆಲ್ಲ ವಿಚಾರಿಸಿ ನೋಡಿ.

ಮೊಬೈಲ್ ಆ್ಯಪ್ ಸಾಲದ ಕಡೆ ತಿರುಗುವವರಿಗೂ ಒಂದು ಮಾತು. ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲ ಕೊಡುತ್ತಿರುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಯಾವುದೆಂದು ಆ್ಯಪ್ ಹೇಳಲೇಬೇಕು, ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಸಹಿಗೆ ಮೊದಲೇ ತೋರಿಸಬೇಕು. ಫೋನಿನ ಕಾಂಟ್ಯಾಕ್ಟ್, ಫೋಟೊಗಳಿಗೆ ಅನುಮತಿ ಕೇಳಿದರೆ ಅಲ್ಲೇ ಅಳಿಸಿಹಾಕಿ.

ಈಗಾಗಲೇ ಮೀಟರ್ ಬಡ್ಡಿಗೆ ಸಿಕ್ಕಿದವರು ಬಡ್ಡಿ ಕಟ್ಟಲು ಇನ್ನೊಂದು ಕಡೆ ಬಡ್ಡಿಗೆ ತರುವುದನ್ನು ಇವತ್ತೇ ನಿಲ್ಲಿಸಬೇಕು. ಕಡಿಮೆ ಬಡ್ಡಿಯ ಒಂದೇ ಸಾಲ ತಂದು ಹಳೆಯದನ್ನು ಪೂರ್ತಿ ಚುಕ್ತಾ ಮಾಡುವುದು ಬೇರೆ ವಿಷಯ, ಅದು ಸರಿಯಾದ ದಾರಿ. ಇನ್ನು ಮುಂದೆ ಕಟ್ಟುವುದನ್ನೆಲ್ಲ ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ. ಹಿಂದೆ ನಗದಾಗಿ ಕಟ್ಟಿದ್ದನ್ನು ನೆನಪಿದ್ದಷ್ಟು ದಿನಾಂಕ ಸಮೇತ ಬರೆದಿಡಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ. ಚೆಕ್ ಬೌನ್ಸ್ ನೋಟಿಸ್ ಬಂದರೆ ಸುಮ್ಮನೆ ಕೂರಬೇಡಿ, ಕೈಸೇರಿದ 15 ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಕಾನೂನು ಸಾಲಗಾರನ ಕಡೆಗೂ ಇದೆ. ಕರ್ನಾಟಕದಲ್ಲಿ ಲೇವಾದೇವಿ ಮಾಡಲು ಸಹಕಾರ ಇಲಾಖೆಯ ಪರವಾನಗಿ ಬೇಕು. ಅಂಥವರು ಅಡಮಾನವಿದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಕೇಳುವಂತಿಲ್ಲ. ನಿಮ್ಮನ್ನು ಕೇಳುತ್ತಿರುವುದು ವರ್ಷಕ್ಕೆ ಶೇ 120. 2025ರ ಫೆಬ್ರುವರಿಯಲ್ಲಿ ಕಿರುಸಾಲ, ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, ಬಳಿಕ ಅದೇ ಕಾಯ್ದೆಯಾಯಿತು. ಬೆದರಿಕೆ, ಬಲವಂತಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ; ಅವುಗಳ ಮೇಲಿನ ದೂರು ಮೊದಲು ಸಂಸ್ಥೆಗೆ, ನಂತರ ಗ್ರಾಹಕರ ದೂರು ನೋಡುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಸಂಖ್ಯೆ 14448. ಮೈಕ್ರೋಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಮನೆಗೆ ಬರುವಂತಿಲ್ಲ.

ಬಾಗಿಲಲ್ಲಿ ನಿಂತು ಬೈಯುವವರ ಕಾಟ ತಾಳಲಾಗದೆ ಜೀವವೇ ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ. ದೈಹಿಕ ಹಲ್ಲೆಯ ಭಯವಿದ್ದರೆ 112.